ಎಲೆಕ್ಟ್ರಿಕ್ ಕಾರು: ತಿಪಟೂರಿನ ಮನೆ, ಪುತ್ತೂರಿನ ಮಾವನ ಮನೆ, ನಡುವೆ ಶಿರಾಡಿ ಘಾಟಿ

ತೆಂಗಿನ ನೆರಳು
ಎಲ್ಲರಿಗೂ ನಮಸ್ಕಾರ. ನಮ್ಮ ಹದಿಮೂರು ವರ್ಷದ ಪೆಟ್ರೋಲ್ ಕಾರು ಇನ್ನೊಂದು ಮಳೆಗಾಲವನ್ನು ತಡೆಯಲಾರದು ಎಂದು ಮೆಕ್ಯಾನಿಕ್ ಕೈಚೆಲ್ಲಿದ ದಿನದಿಂದ ಮನೆಯಲ್ಲಿ ಎಲೆಕ್ಟ್ರಿಕ್ ಕಾರಿನ ಮಾತು ನಡೆದಿದೆ. ನಾವು ಇರುವುದು ತಿಪಟೂರಿನಲ್ಲಿ, ನನ್ನ ಕೆಲಸ ಅರಸೀಕೆರೆಯ ಕಾಲೇಜಿನಲ್ಲಿ. ಹೋಗಿಬರುವುದು ದಿನಕ್ಕೆ ಐವತ್ತು ಕಿ.ಮೀ., ಊರೊಳಗಿನ ಓಡಾಟವೂ ಸೇರಿದರೆ ತಿಂಗಳಿಗೆ 1,250 ಕಿ.ಮೀ. ಆಗುತ್ತದೆ. ಇಷ್ಟೇ ಆಗಿದ್ದರೆ ಯಾರನ್ನೂ ಕೇಳದೆ ಬುಕ್ ಮಾಡಿಬಿಡುತ್ತಿದ್ದೆ. ಆದರೆ ಹೆಂಡತಿಯ ತವರು ಪುತ್ತೂರಿನ ಹತ್ತಿರ. ಎರಡು ತಿಂಗಳಿಗೊಮ್ಮೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಸುಮಾರು 200 ಕಿ.ಮೀ. ಹೋಗಲೇಬೇಕು. ನೋಡಿಟ್ಟಿರುವ ಕಾರಿನ ಬ್ಯಾಟರಿ 40 ಯೂನಿಟ್‌ನದು. ಶೋರೂಮಿನವರು ಹೇಳುವ ಮೈಲೇಜನ್ನು ನಾನು ಮದುವೆ ದಲ್ಲಾಳಿಯ ಮಾತಿನಂತೆ ಅರ್ಧ ಮಾತ್ರ ನಂಬಿದ್ದೇನೆ.

ಮನೆ ಅಪ್ಪ ಕಟ್ಟಿಸಿದ್ದು, ಮೂವತ್ತು ವರ್ಷ ದಾಟಿದೆ. ಅದರ ವೈರಿಂಗ್ ಕಾರನ್ನು ಹೊರುತ್ತದೆಯೇ ಎಂಬುದು ಮೊದಲ ಭಯ. ಗೃಹಜ್ಯೋತಿಯಿಂದ ಈಗ ನಮಗೆ ಶೂನ್ಯ ಬಿಲ್ ಬರುತ್ತಿದೆ, ಕಾರು ಬಂದರೆ ಅದರ ಗತಿ ಏನು ಎಂಬುದು ಎರಡನೆಯದು. ಇನ್ನು ಅಪ್ಪನ ಪ್ರಶ್ನೆಯೊಂದಿದೆ: "ಪೆಟ್ರೋಲ್ ಮುಗಿದರೆ ಕ್ಯಾನಿನಲ್ಲಿ ತರಬಹುದು, ಘಾಟಿಯಲ್ಲಿ ಕರೆಂಟ್ ಮುಗಿದರೆ ಯಾವ ಪಾತ್ರೆಯಲ್ಲಿ ತರುತ್ತೀಯೆ?" ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಬಳಸುತ್ತಿರುವವರು ದಯವಿಟ್ಟು ಅನುಭವ ತಿಳಿಸಬೇಕು.

ಡೀಸೆಲ್ ಪ್ರಿಯ
ನಿಮ್ಮ ತಂದೆಯವರ ಪ್ರಶ್ನೆಯಲ್ಲೇ ಉತ್ತರವಿದೆ. ಇನ್ನೈದು ವರ್ಷ ಕಾಯಿರಿ.

ಲೆಕ್ಕದ ಪುಸ್ತಕ
ಕಾಯುವುದಕ್ಕೂ ಖರ್ಚಿದೆ, ಡೀಸೆಲ್ ಪ್ರಿಯರೇ. ತಿಂಗಳಿಗೆ 1,250 ಕಿ.ಮೀ. ಓಡುವ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ 83 ಲೀಟರ್ ಬೇಕು. ಲೀಟರಿಗೆ 102 ರೂಪಾಯಿಯಂತೆ ಹಿಡಿದರೂ 8,500 ರೂಪಾಯಿ ಆಯಿತು. ಅದೇ ದೂರವನ್ನು ಎಲೆಕ್ಟ್ರಿಕ್ ಕಾರು, ಯೂನಿಟ್‌ಗೆ ಆರೂವರೆ ಕಿ.ಮೀ. ಲೆಕ್ಕದಲ್ಲಿ, ಸುಮಾರು 190 ಯೂನಿಟ್‌ನಲ್ಲಿ ಮುಗಿಸುತ್ತದೆ. ಚಾರ್ಜ್ ಆಗುವಾಗ ಶಾಖವಾಗಿ ಹೋಗುವ ಶೇ 10ರಷ್ಟನ್ನೂ ಸೇರಿಸಿ ಮೀಟರಿನಲ್ಲಿ 210 ಯೂನಿಟ್ ತೋರಿಸುತ್ತದೆ ಎಂದುಕೊಳ್ಳಿ.

ಈಗ ಗೃಹಜ್ಯೋತಿಯ ವಿಷಯ. ಆ ಯೋಜನೆಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ ಕಟ್ಟುತ್ತೀರಿ. ಆದರೆ 200 ದಾಟಿತೆಂದರೆ ಇಡೀ ಬಿಲ್ಲನ್ನು ಮೊದಲ ಯೂನಿಟ್‌ನಿಂದಲೇ ಕಟ್ಟಬೇಕು. ಮನೆಯದು 85 ಯೂನಿಟ್ ಎಂದಿಟ್ಟುಕೊಂಡರೆ ಒಟ್ಟು 295 ಆಗುತ್ತದೆ. ಯೂನಿಟ್‌ಗೆ ಆರು ರೂಪಾಯಿ ಚಿಲ್ಲರೆ, ನಿಗದಿತ ಶುಲ್ಕ, ಶೇ 9ರ ವಿದ್ಯುತ್ ತೆರಿಗೆ ಎಲ್ಲ ಸೇರಿ 2,400 ರೂಪಾಯಿಯ ಆಸುಪಾಸು ಬಿಲ್ ಬರುತ್ತದೆ. ಶೂನ್ಯ ಬಿಲ್ಲಿನ ಸುಖ ಹೋಯಿತೆಂದು ಬೇಸರವಾಗಬಹುದು, ಆದರೂ ತಿಂಗಳಿಗೆ ಆರು ಸಾವಿರ ಉಳಿಯಿತಲ್ಲ!

ಡೀಸೆಲ್ ಪ್ರಿಯ
ನಿಮ್ಮ ಪುಸ್ತಕದ ಮುಂದಿನ ಪುಟವನ್ನೂ ಓದಿ. ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಎಲೆಕ್ಟ್ರಿಕ್ ಕಾರಿಗೆ ಮೂರೂವರೆ ಲಕ್ಷ ಹೆಚ್ಚು ಕೊಟ್ಟರೆ, ತಿಂಗಳಿಗೆ ಆರು ಸಾವಿರದಂತೆ ಆ ಹಣ ಹಿಂದಿರುಗಲು ಐದು ವರ್ಷ ಹತ್ತಿರ ಬೇಕು. ಆ ಮೂರೂವರೆ ಲಕ್ಷಕ್ಕೆ ಬ್ಯಾಂಕಿನ ಬಡ್ಡಿಯನ್ನು ಯಾರು ಕಟ್ಟುತ್ತಾರೆ? 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಈ ಅಂತರ ಇನ್ನಷ್ಟು ಹಿಗ್ಗಿದೆ. ಎಲೆಕ್ಟ್ರಿಕ್ ಕಾರಿಗೆ 2019ರಿಂದಲೂ ಶೇ 5 ಇದ್ದದ್ದು ಹಾಗೆಯೇ ಇದೆ. ಎಲೆಕ್ಟ್ರಿಕ್ ವಾಹನದ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಸಿಗುತ್ತಿದ್ದ ಒಂದೂವರೆ ಲಕ್ಷದ ವಿನಾಯಿತಿಯೂ 2023ರ ಮಾರ್ಚ್ ನಂತರ ಮಂಜೂರಾದ ಸಾಲಗಳಿಗೆ ಇಲ್ಲ.

ಲೆಕ್ಕದ ಪುಸ್ತಕ
ಬಡ್ಡಿಯ ಮಾತನ್ನು ಒಪ್ಪುತ್ತೇನೆ, ಅದನ್ನು ನಾನು ಬಿಟ್ಟದ್ದು ತಪ್ಪು. ಆದರೆ ಎಂಜಿನ್ ಆಯಿಲ್, ಕ್ಲಚ್, ಟೈಮಿಂಗ್ ಬೆಲ್ಟ್ ಯಾವುದೂ ಇಲ್ಲದ ಸರ್ವೀಸಿನ ಉಳಿತಾಯವನ್ನು ನೀವೂ ಬಿಟ್ಟಿದ್ದೀರಿ. ಥರ್ಡ್ ಪಾರ್ಟಿ ವಿಮೆಯಲ್ಲೂ ಎಲೆಕ್ಟ್ರಿಕ್ ಕಾರಿಗೆ ಶೇ 15 ರಿಯಾಯಿತಿ ಇದೆ.

ಗಾಳಿಗಂಬ
ಎಲ್ಲರೂ ಆನ್‌ರೋಡ್ ಬೆಲೆಯನ್ನೇ ಹೋಲಿಸಿ ನೋಡಿ. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ರಸ್ತೆ ತೆರಿಗೆಯೇ ಇಲ್ಲ ಎಂಬ ಹಳೆಯ ಮಾತನ್ನು ನೆಚ್ಚಿಕೊಳ್ಳಬೇಡಿ. 2024ರಲ್ಲಿಯೇ 25 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಕಾರುಗಳಿಗೆ ಶೇ 10ರಷ್ಟು ಜೀವಾವಧಿ ತೆರಿಗೆ ಬಂದಿತು. ಬುಕ್ ಮಾಡುವ ವಾರ ಏನು ನಿಯಮವಿದೆಯೋ ಅದನ್ನು ಲಿಖಿತ ಕೊಟೇಶನ್‌ನಲ್ಲಿ ತೆಗೆದುಕೊಳ್ಳಿ.

ವೋಲ್ಟ್‌ಮೀಟರ್
ನಾನು ವಿದ್ಯುತ್ ಗುತ್ತಿಗೆದಾರ. ಈ ಎರಡು ವರ್ಷಗಳಲ್ಲಿ ತುಮಕೂರು, ಹಾಸನದ ಕಡೆ ಕಾರು ಚಾರ್ಜಿಂಗಿಗೆ ಮೂವತ್ತಕ್ಕೂ ಹೆಚ್ಚು ಮನೆಗಳಲ್ಲಿ ಪಾಯಿಂಟ್ ಹಾಕಿದ್ದೇನೆ. ಮೈಲೇಜು, ಘಾಟಿ, ಬಡ್ಡಿ ಎಲ್ಲ ಆಮೇಲೆ ನೋಡೋಣ. ಪ್ರಶ್ನೆ ಕೇಳಿದವರು ಮೊದಲು ಮಾಡಬೇಕಾದದ್ದು ಶೋರೂಮಿಗೆ ಹೋಗುವುದಲ್ಲ, ಮನೆಯ ಪ್ಲಗ್ಗಿನ ನ್ಯೂಟ್ರಲ್‌ಗೂ (ಕರೆಂಟ್ ವಾಪಸ್ ಹೋಗುವ ತಂತಿ) ಅರ್ತ್‌ಗೂ (ನೆಲಕ್ಕೆ ಸೇರುವ ರಕ್ಷಣೆಯ ತಂತಿ) ನಡುವೆ ಎಷ್ಟು ವೋಲ್ಟ್ ಇದೆಯೆಂದು ಅಳೆಸುವುದು.

ಮಿಕ್ಸಿ, ಫ್ರಿಜ್, ಗೀಸರ್ ಇವೆಲ್ಲ ಅರ್ತ್ ಇಲ್ಲದಿದ್ದರೂ ಸುಮ್ಮನೆ ಓಡುತ್ತವೆ, ಆದ್ದರಿಂದ ನಮ್ಮ ಹಳೆಯ ಮನೆಗಳಲ್ಲಿ ಅರ್ತಿಂಗ್ ಸತ್ತು ಹತ್ತು ವರ್ಷವಾಗಿದ್ದರೂ ಯಾರಿಗೂ ತಿಳಿದಿರುವುದಿಲ್ಲ. ಕಾರು ಹಾಗಲ್ಲ. ಪ್ಲಗ್ ಹಾಕಿದ ಕೂಡಲೇ ಅದು ಅರ್ತನ್ನು ಪರೀಕ್ಷಿಸುತ್ತದೆ, ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಚಾರ್ಜ್ ತೆಗೆದುಕೊಳ್ಳಲು ನಿರಾಕರಿಸುತ್ತದೆ. ಆ ವೋಲ್ಟೇಜ್ ಎರಡೋ ಮೂರೋ ಇದ್ದರೆ ನಿಶ್ಚಿಂತೆ. ನಾನು ನಲವತ್ತು ವೋಲ್ಟ್ ಇದ್ದ ಮನೆಗಳನ್ನೂ ಕಂಡಿದ್ದೇನೆ. ಅಂಥ ಒಂದು ಮನೆಯಲ್ಲಿ ಕಾರು ಬಂದು ನಾಲ್ಕು ದಿನ ಅಂಗಳದಲ್ಲಿ ಹೂವಿನ ಹಾರ ಹಾಕಿಕೊಂಡೇ ನಿಂತಿತ್ತು. ಕಾರು ಕೆಟ್ಟಿದೆಯೆಂದು ಮನೆಯವರು ಶೋರೂಮಿನವರೊಂದಿಗೆ ಜಗಳವಾಡಿದ್ದರು, ಕೆಟ್ಟಿದ್ದದ್ದು ಹಿತ್ತಿಲಿನ ಅರ್ತ್ ಗುಂಡಿ.

ಎರಡನೆಯ ಮಾತು ವೈರಿನದು. ಗೀಸರ್ ಎರಡು ಕಿಲೊವ್ಯಾಟನ್ನು ಹತ್ತು ನಿಮಿಷ ಎಳೆದು ನಿಲ್ಲುತ್ತದೆ, ಕಾರು ಮೂರು ಕಿಲೊವ್ಯಾಟನ್ನು ಐದಾರು ಗಂಟೆ ಬಿಡದೆ ಎಳೆಯುತ್ತದೆ. ಹಳೆಯ ಹದಿನೈದು ಆಂಪಿಯರ್ ಸಾಕೆಟ್ಟುಗಳು ಕರಗುವುದು ಇದರಿಂದ. ಮೀಟರ್ ಬೋರ್ಡಿನಿಂದ ನೇರವಾಗಿ ಪ್ರತ್ಯೇಕ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, ಪ್ರತ್ಯೇಕ ಎಂಸಿಬಿ (ಲೋಡ್ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್) ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಹಾಕಿಸಿ, ಒಳ್ಳೆಯ ಕೈಗಾರಿಕಾ ಸಾಕೆಟ್ ಕೂರಿಸಿ. ಗೋಡೆಗೆ ಹಾಕುವ 7.2 ಕಿಲೊವ್ಯಾಟಿನ ಪೆಟ್ಟಿಗೆ ನಿಮಗೆ ಬೇಕಿಲ್ಲ. ದಿನಕ್ಕೆ ಎಂಟು ಯೂನಿಟ್ ಬೇಕಾದವರಿಗೆ ಮಾಮೂಲಿ ಪಾಯಿಂಟಿನಲ್ಲಿ ಮೂರು ಗಂಟೆ ಸಾಕು. ನಿಮ್ಮ ಮನೆಯ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ, ಕಡಿಮೆಯಿದ್ದರೆ ಹೆಚ್ಚಿಸಲು ಅರ್ಜಿ ಕೊಡಿ. ಬೋರ್‌ವೆಲ್ ಮೋಟಾರ್, ಗೀಸರ್, ಕಾರು ಮೂರನ್ನೂ ಬೆಳಗಿನ ಆರು ಗಂಟೆಗೆ ಒಟ್ಟಿಗೆ ಹಾಕಬೇಡಿ.

ತೆಂಗಿನ ನೆರಳು
ವೋಲ್ಟ್‌ಮೀಟರ್ ಅವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಹಿತ್ತಿಲಿನಲ್ಲಿ ಬೋರ್‌ವೆಲ್ ಮೋಟಾರಿಗೆಂದು ಹಾಕಿದ ಅರ್ತ್ ಗುಂಡಿಯೊಂದಿದೆ, ಅದನ್ನೇ ಬಳಸಬಹುದೇ?

ವೋಲ್ಟ್‌ಮೀಟರ್
ಅದು ಯಾವ ಕಾಲದ್ದೋ ಏನೋ. ಅಳೆಯದೆ ನಂಬಬೇಡಿ. ಹೊಸ ಗುಂಡಿ ತೆಗೆಸುವುದೇ ಲೇಸು: ಎರಡೂವರೆ ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಸುತ್ತ ಇದ್ದಿಲು, ಉಪ್ಪು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಸುರಿಯಬೇಕು.

ಅರೆಬರೆ ಎಂಜಿನಿಯರ್
ಉಪ್ಪು ಹಾಕಿದ ಜಿಐ ಪೈಪ್ ಕೆಲವೇ ವರ್ಷಗಳಲ್ಲಿ ತುಕ್ಕು ತಿಂದು ಸವೆಯುತ್ತದೆ. ತಾಮ್ರ ಲೇಪಿಸಿದ ರಾಡ್ ಮತ್ತು ಬೆಂಟೊನೈಟ್ ಮಣ್ಣು ಬಳಸುವ ಕೆಮಿಕಲ್ ಅರ್ತಿಂಗ್ ಹಾಕಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ.

ವೋಲ್ಟ್‌ಮೀಟರ್
ಒಪ್ಪಿದೆ, ಅದು ಹೆಚ್ಚು ಬಾಳಿಕೆಯದು. ಆದರೆ ಅದರ ಹೆಸರಿನಲ್ಲಿ ಬರಿಯ ಕಬ್ಬಿಣದ ರಾಡಿಗೆ ತಾಮ್ರದ ಬಣ್ಣ ಬಳಿದು ಮಾರುವವರೂ ಇದ್ದಾರೆ. ಯಾವುದನ್ನು ಹಾಕಿದರೂ ಕೆಲಸ ಮುಗಿದ ಮೇಲೆ ಮೀಟರ್ ಹಿಡಿದು ತೋರಿಸದ ಹೊರತು ಹಣ ಕೊಡಬೇಡಿ. ಇದನ್ನು ಗುತ್ತಿಗೆದಾರನಾದ ನಾನೇ ಹೇಳುತ್ತಿದ್ದೇನೆ.

ಟಿಸಿ ಪಕ್ಕದ ಮನೆ
ಎಲ್ಲರೂ ಮರೆತ ಒಂದು ಮಾತಿದೆ. ಹೊಸ ಸಾಕೆಟ್ ಹಾಕಿಸಿದ್ದೀರಿ, ಒಳ್ಳೆಯದು. ಅದರಲ್ಲಿ ಕರೆಂಟ್ ಬರಬೇಕಲ್ಲ? ನಮ್ಮ ಊರಿನಲ್ಲಿ ಬೇಸಿಗೆಯ ಸಂಜೆ ಎಲ್ಲರ ಪಂಪ್‌ಸೆಟ್ ಒಟ್ಟಿಗೆ ಎದ್ದರೆ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ಆಗ ಕಾರು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ, ಇಲ್ಲವೇ ಆಮೆಯಂತೆ ತೆವಳುತ್ತದೆ. ನಾನು ರಾತ್ರಿ ಹನ್ನೊಂದರ ಮೇಲೆ ಚಾರ್ಜ್ ಆಗುವಂತೆ ಸಮಯ ನಿಗದಿ ಮಾಡಿಟ್ಟಿದ್ದೇನೆ, ಮೂರು ವರ್ಷದಲ್ಲಿ ತೊಂದರೆಯಾದದ್ದು ಎರಡೇ ಸಲ. ಎರಡು ಸಲವೂ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತ್ತು.

ಗೃಹಜ್ಯೋತಿಗೆ ದಾರಿಯೂ ಇದೆ. ಕಾರು ಚಾರ್ಜಿಂಗಿಗೆಂದೇ ಪ್ರತ್ಯೇಕ ಮೀಟರ್ ತೆಗೆದುಕೊಂಡರೆ ಅದಕ್ಕೆ ಬೇರೆ ಆರ್‌ಆರ್ ನಂಬರ್, ಬೇರೆ ದರ. ಮನೆಯ ಮೀಟರಿನ ಬಳಕೆ ಮೊದಲಿನಂತೆಯೇ ಉಳಿಯುತ್ತದೆ. ನಾನು ಹಾಗೆಯೇ ಮಾಡಿದೆ. ನಿಗದಿತ ಶುಲ್ಕವನ್ನು ಎರಡು ಕಡೆ ಕಟ್ಟಬೇಕಾಗುತ್ತದೆ, ಠೇವಣಿಯೂ ಇದೆ. ಆದರೂ ನನಗೆ ಲಾಭವೇ ಆಗಿದೆ. ಅರ್ಜಿ ಹಾಕಿದಾಗ ಕಚೇರಿಯಲ್ಲಿದ್ದವರಿಗೇ ಈ ವರ್ಗದ ಸಂಪರ್ಕ ಹೊಸದು, ಅಂಗಡಿಯೋ ಮನೆಯೋ ಎಂದು ಮೂರು ಸಲ ಕೇಳಿದರು. ತಾಳ್ಮೆ ಇರಲಿ.

ಮೂರನೇ ಮಹಡಿ
ಸ್ವಂತ ಅಂಗಳವಿರುವ ನೀವೆಲ್ಲ ಪುಣ್ಯವಂತರು. ನಾನು ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ನನ್ನದೇ ಪಾರ್ಕಿಂಗ್ ಜಾಗದಲ್ಲಿ, ನನ್ನದೇ ಮೀಟರಿನಿಂದ, ನನ್ನದೇ ಖರ್ಚಿನಲ್ಲಿ ಒಂದು ಪಾಯಿಂಟ್ ಹಾಕಿಸಿಕೊಳ್ಳಲು ಸಂಘದೊಂದಿಗೆ ಹನ್ನೊಂದು ತಿಂಗಳು ಪತ್ರ ವ್ಯವಹಾರ ನಡೆಸಿದ್ದೇನೆ. ಬೆಂಕಿ ಹತ್ತುತ್ತದೆ ಎನ್ನುವುದು ಅವರ ಮೊದಲ ಆಕ್ಷೇಪವಾಗಿತ್ತು. ನೆಲಮಾಳಿಗೆಯಲ್ಲಿ ಇಪ್ಪತ್ತು ಕಾರುಗಳ ಟ್ಯಾಂಕಿನಲ್ಲಿ ಆರುನೂರು ಲೀಟರ್ ಪೆಟ್ರೋಲ್ ನಿಂತಿದೆಯಲ್ಲ ಎಂದು ಕೇಳಿದೆ. ಆಮೇಲೆ ಆಕ್ಷೇಪ ಬದಲಾಗಿ, ಗೋಡೆಯ ಮೇಲೆ ಪೈಪ್ ಓಡಿದರೆ ಅಂದ ಕೆಡುತ್ತದೆ ಎಂದಾಯಿತು. ಕೊನೆಗೆ ಅನುಮತಿ ಸಿಕ್ಕಿದ್ದು ಹೇಗೆಂದರೆ, ಸಂಘದ ಕಾರ್ಯದರ್ಶಿಯ ಮಗ ಎಲೆಕ್ಟ್ರಿಕ್ ಸ್ಕೂಟರ್ ಕೊಂಡ.

ಅರೆಬರೆ ಎಂಜಿನಿಯರ್
ಬೆಂಕಿಯ ಭಯವನ್ನು ಪೂರ್ತಿ ನಗೆಗೆ ತಳ್ಳಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವುದು ಅಪರೂಪ, ಆದರೆ ಹತ್ತಿದರೆ ಆರಿಸುವುದು ಕಷ್ಟ. ಬಕೆಟ್ ನೀರಿಗೆ ಅದು ಬಗ್ಗುವುದಿಲ್ಲ, ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಐರನ್ ಫಾಸ್ಫೇಟ್ ಬ್ಯಾಟರಿಗಳು ನಿಕಲ್ ಬೆರೆತವುಗಳಿಗಿಂತ ಶಾಖವನ್ನು ಹೆಚ್ಚು ತಡೆಯುತ್ತವೆ. ಕೊಳ್ಳುವಾಗ ಯಾವ ಬಗೆಯದೆಂದು ಕೇಳಿ ತಿಳಿದುಕೊಳ್ಳಿ. ಪ್ರತಿದಿನ ಶೇ 80ರವರೆಗೆ ಮಾತ್ರ ಚಾರ್ಜ್ ಮಾಡಿ ಎನ್ನುವ ಸಲಹೆ ನಿಕಲ್ ಬಗೆಯದಕ್ಕೆ ಹೆಚ್ಚು ಸಲ್ಲುತ್ತದೆ. ಐರನ್ ಫಾಸ್ಫೇಟ್ ಬಗೆಯದನ್ನು ಆಗಾಗ ಶೇ 100ಕ್ಕೆ ಒಯ್ಯದಿದ್ದರೆ ಅದರ ಮಾಪಕವೇ ತಪ್ಪು ತೋರಿಸಲು ಶುರುಮಾಡುತ್ತದೆ.

ಉಪ್ಪಿನಂಗಡಿ ತಿರುವು
ಶಿರಾಡಿಯ ಬಗ್ಗೆ ಇನ್ನೂ ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ. ಒಂದೂವರೆ ವರ್ಷದಿಂದ ತಿಂಗಳಿಗೊಮ್ಮೆ ಇದೇ ದಾರಿಯಲ್ಲಿ ಹಾಸನಕ್ಕೆ ಹೋಗಿಬರುತ್ತಿದ್ದೇನೆ, ಬ್ಯಾಟರಿ ನಿಮ್ಮದರಷ್ಟೇ. ಘಾಟಿಯ ಬುಡದ ಗುಂಡ್ಯದಿಂದ ಸಕಲೇಶಪುರಕ್ಕೆ ಏರುವ ಎತ್ತರ ಸುಮಾರು 800 ಮೀಟರ್. ಕಾರು, ನಾಲ್ಕು ಜನ, ಮಾವನ ಮನೆಯಿಂದ ತುಂಬಿ ಕಳಿಸಿದ ತೆಂಗಿನಕಾಯಿ, ಹಲಸಿನ ಹಪ್ಪಳ ಎಲ್ಲ ಸೇರಿ 1,800 ಕೆ.ಜಿ. ಎಂದು ಹಿಡಿದರೆ ಅಷ್ಟನ್ನು ಆ ಎತ್ತರಕ್ಕೆ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ ನಾಲ್ಕು ಯೂನಿಟ್ ಬೇಕು. ನಷ್ಟವನ್ನೂ ಸೇರಿಸಿ ನಾಲ್ಕೂವರೆ ಎನ್ನಿ. ಇದು ಸಮತಟ್ಟಿನಲ್ಲಿ ಆ ದೂರಕ್ಕೆ ಹೇಗೂ ಬೇಕಾಗುವ ಆರು ಯೂನಿಟ್‌ನ ಮೇಲೆ ಬರುವ ಹೆಚ್ಚುವರಿ ಖರ್ಚು. ಹಾಗಾಗಿ ಆ ನಲವತ್ತು ಕಿ.ಮೀ.ನಲ್ಲಿ ಬ್ಯಾಟರಿ ಶೇ 25ಕ್ಕಿಂತ ಹೆಚ್ಚು ಇಳಿಯುತ್ತದೆ. ಮೊದಲ ಸಲ ಅದನ್ನು ನೋಡಿದ ನನ್ನ ಹೆಂಡತಿ ಎಸಿ ಆರಿಸಿ, ಕಿಟಕಿ ತೆರೆದು, ಮಾತನ್ನೂ ನಿಲ್ಲಿಸಿದ್ದಳು. ಎಸಿ ಗಂಟೆಗೆ ಒಂದು ಯೂನಿಟ್‌ನ ಆಸುಪಾಸು ತಿನ್ನುತ್ತದೆ ಅಷ್ಟೇ, ಅದನ್ನು ಆರಿಸಿ ಬೆವರುವ ಅಗತ್ಯವಿಲ್ಲ.

ನೀವು ಪುತ್ತೂರಿಗೆ ಹೋಗುವಾಗಿನ ಕಥೆ ಇದರ ತದ್ವಿರುದ್ಧ. ಸಕಲೇಶಪುರದಿಂದ ಕೆಳಗಿಳಿಯುವಾಗ ಮೋಟಾರೇ ಜನರೇಟರ್ ಆಗಿ ಬ್ರೇಕಿನ ಕೆಲಸ ಮಾಡುತ್ತದೆ. ನನ್ನ ಕಾರಿನಲ್ಲಿ ಎರಡೂವರೆ ಯೂನಿಟ್‌ನಷ್ಟು ವಾಪಸ್ ಬರುತ್ತದೆ. ಬ್ರೇಕ್ ಪೆಡಲ್ ಮುಟ್ಟದೆ ಅರ್ಧ ಘಾಟಿ ಇಳಿದ ದಿನಗಳಿವೆ. ಲಾರಿಗಳ ಬ್ರೇಕ್ ಸುಟ್ಟ ವಾಸನೆಯ ನಡುವೆ ಇದೊಂದು ನೆಮ್ಮದಿ.

ನಿಮ್ಮ ವಿಷಯಕ್ಕೆ ಬಂದರೆ, ತಿಪಟೂರಿನಿಂದ ಪೂರ್ತಿ ಚಾರ್ಜಿನಲ್ಲಿ ಹೊರಟರೆ ಪುತ್ತೂರಿಗೆ ಎಲ್ಲೂ ನಿಲ್ಲದೆ ತಲಪುತ್ತೀರಿ, ಆದರೆ ಗಂಟೆಗೆ 80 ಕಿ.ಮೀ. ಮೀರಬಾರದು. ನೂರಹತ್ತರಲ್ಲಿ ಓಡಿಸಿದರೆ ಗಾಳಿಯ ತಡೆಯೇ ನಾಲ್ಕನೇ ಒಂದು ಭಾಗವನ್ನು ನುಂಗಿಹಾಕುತ್ತದೆ. ವಾಪಸ್ ಬರುವಾಗ 35 ಯೂನಿಟ್ ಬೇಕಾಗುತ್ತದೆ. ಅದು ತೀರಾ ಬಿಗಿ, ಸಕಲೇಶಪುರ ಅಥವಾ ಹಾಸನದಲ್ಲಿ ಇಪ್ಪತ್ತು ನಿಮಿಷ ನಿಂತು ವೇಗದ ಚಾರ್ಜ್ ಹಾಕಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಮಾವನ ಮನೆಯಲ್ಲೂ ಒಂದು ಸರಿಯಾದ ಪಾಯಿಂಟ್ ಹಾಕಿಸಿಬಿಡಿ. ರಾತ್ರಿ ಹತ್ತು ಗಂಟೆ ಚುಚ್ಚಿಟ್ಟರೆ 28 ಯೂನಿಟ್ ಸಿಗುತ್ತದೆ. ದೀಪಾವಳಿಗೆ ಅಳಿಯನಿಗೆ ಕೊಡಬಹುದಾದ ಅತ್ಯುತ್ತಮ ಉಡುಗೊರೆ ಅದು ಎಂದು ಅವರಿಗೆ ತಿಳಿಸಬಹುದು.

ಮಡಿಕೇರಿ ಮಂಜು
ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಇಳಿಜಾರಿನಲ್ಲಿ ವಾಪಸ್ ಬರುವ ಕರೆಂಟನ್ನು ಇಟ್ಟುಕೊಳ್ಳಲು ಬ್ಯಾಟರಿಯಲ್ಲಿ ಜಾಗವಿರಬೇಕು. ನಾವು ಮೇಲಿರುವವರು ಮನೆಯಲ್ಲಿ ಶೇ 100 ಮಾಡಿಕೊಂಡು ಸಂಪಾಜೆ ಕಡೆ ಇಳಿದರೆ ಮೋಟಾರಿನ ಬ್ರೇಕ್ ಸರಿಯಾಗಿ ಹಿಡಿಯುವುದೇ ಇಲ್ಲ. ಕಾಲಿಟ್ಟ ಬ್ರೇಕನ್ನೇ ನೆಚ್ಚಬೇಕಾಗುತ್ತದೆ. ಮೊದಲ ಸಲ ಅದರ ಅರಿವಿಲ್ಲದೆ ಎರಡನೇ ತಿರುವಿನಲ್ಲಿ ಎದೆ ಧಸಕ್ಕೆಂದಿತ್ತು. ಈಗ ಶೇ 85ಕ್ಕೆ ನಿಲ್ಲಿಸಿ ಹೊರಡುತ್ತೇನೆ.

ಉಪ್ಪಿನಂಗಡಿ ತಿರುವು
ಸರಿಯಾದ ಮಾತು. ತಿಪಟೂರಿನಿಂದ ಸಕಲೇಶಪುರಕ್ಕೆ ಬರುವಷ್ಟರಲ್ಲಿ ಅರ್ಧದಷ್ಟು ಖಾಲಿಯಾಗಿರುತ್ತದೆ, ಹಾಗಾಗಿ ಅವರಿಗೆ ಆ ತೊಂದರೆ ಇಲ್ಲ.

ಡೀಸೆಲ್ ಪ್ರಿಯ
"ಇಪ್ಪತ್ತು ನಿಮಿಷ ನಿಂತು ವೇಗದ ಚಾರ್ಜ್" ಎಂದು ಬರೆಯುವುದು ಸುಲಭ. ಕಳೆದ ತಿಂಗಳು ಸ್ನೇಹಿತನ ಎಲೆಕ್ಟ್ರಿಕ್ ಕಾರಿನಲ್ಲಿ ಹೋಗಿದ್ದೆ. ಮೊದಲ ಚಾರ್ಜರ್ ಕೆಟ್ಟಿತ್ತು. ಎರಡನೆಯದರ ಮುಂದೆ ಟೆಂಪೊ ಟ್ರಾವೆಲರ್ ನಿಲ್ಲಿಸಿ ಅದರ ಚಾಲಕರು ಊಟಕ್ಕೆ ಹೋಗಿದ್ದರು. ಮೂರನೆಯದಕ್ಕೆ ಹೊಸ ಆ್ಯಪ್ ಇಳಿಸಿಕೊಳ್ಳಬೇಕಿತ್ತು, ಒಟಿಪಿ ಬರಲು ಸಿಗ್ನಲ್ ಇರಲಿಲ್ಲ. ನನ್ನ ಡೀಸೆಲ್ ಕಾರಿಗೆ ಯಾವತ್ತೂ ಒಟಿಪಿ ಕೇಳಿಲ್ಲ.

ಉಪ್ಪಿನಂಗಡಿ ತಿರುವು
ಇದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಫೋನಿನಲ್ಲಿ ಆರು ಆ್ಯಪ್‌ಗಳಿವೆ, ಪ್ರತಿಯೊಂದರ ವಾಲೆಟ್ಟಿನಲ್ಲೂ ನೂರಿನ್ನೂರು ರೂಪಾಯಿ ಸಿಕ್ಕಿಕೊಂಡಿದೆ. ರಾಜ್ಯದಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು ಐದು ಸಾವಿರ ದಾಟಿವೆ ಎಂಬ ಲೆಕ್ಕ ನಿಜವೇ, ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿವೆ, ನಮ್ಮ ದಾರಿಯಲ್ಲಿಲ್ಲ. ನಾನು ಪಾಲಿಸುವ ನಿಯಮ ಇಷ್ಟೇ: ಮನೆಯಿಂದ ಹೊರಡುವ ಮೊದಲೇ ಆ್ಯಪ್‌ಗಳಿಗೆಲ್ಲ ಲಾಗಿನ್ ಆಗಿರುತ್ತೇನೆ, ಹೋಟೆಲಿನ ಚಾರ್ಜರ್ ಆಗಿದ್ದರೆ ಫೋನ್ ಮಾಡಿ ಕೇಳುತ್ತೇನೆ, ಒಂದು ಕೇಂದ್ರ ಕೈಕೊಟ್ಟರೆ ಮುಂದಿನದಕ್ಕೆ ಹೋಗಲು ಶೇ 20 ಉಳಿದಿರುವಾಗಲೇ ಮೊದಲನೆಯದನ್ನು ಮುಟ್ಟುತ್ತೇನೆ. ದಾರಿಯ ಚಾರ್ಜಿಗೆ ಯೂನಿಟ್‌ಗೆ ಇಪ್ಪತ್ತು ರೂಪಾಯಿಯ ಮೇಲೇ ಆಗುತ್ತದೆ. ಮನೆಯಲ್ಲಿ ಪಾಯಿಂಟ್ ಇಲ್ಲದೆ ಬರೀ ಹೊರಗಿನ ಚಾರ್ಜನ್ನೇ ನೆಚ್ಚುವವರು ಎಲೆಕ್ಟ್ರಿಕ್ ಕಾರು ಕೊಳ್ಳಬಾರದು ಎಂಬುದೇ ನನ್ನ ನೇರ ಮಾತು.

ಹಿರಿಯರ ಕ್ಯಾನಿನ ಪ್ರಶ್ನೆಗೆ ಉತ್ತರ: ಕ್ಯಾನ್ ಇಲ್ಲ, ಆದರೆ ಡಿಕ್ಕಿಯಲ್ಲಿ ಕೇಬಲ್ ಇರುತ್ತದೆ. ಹದಿನೈದು ಆಂಪಿಯರಿನ ಸಾಕೆಟ್ ಇರುವ ಯಾವ ಮನೆಯೂ ಬಂಕೇ. ಒಂದು ಗಂಟೆಗೆ ಹದಿನೈದರಿಂದ ಹದಿನೆಂಟು ಕಿ.ಮೀ.ಗೆ ಸಾಕಾಗುವಷ್ಟು ಸಿಗುತ್ತದೆ, ಅಲ್ಲಿಯೂ ಅರ್ತ್ ಸರಿಯಿರಬೇಕು. ತೀರಾ ನಿಂತೇಹೋದರೆ ಹಗ್ಗ ಕಟ್ಟಿ ಎಳೆಸಬೇಡಿ, ಚಕ್ರದ ಜೊತೆ ಮೋಟಾರೂ ತಿರುಗಿ ಹಾಳಾಗಬಹುದು. ಹೊತ್ತೊಯ್ಯುವ ಲಾರಿಯನ್ನೇ ಕರೆಸಬೇಕು.

ಬಿಸಿಲೂರು
ಕಲಬುರಗಿಯಿಂದ ಬರೆಯುತ್ತಿದ್ದೇನೆ. ಘಾಟಿ ನಮಗಿಲ್ಲ, 43 ಡಿಗ್ರಿ ಬಿಸಿಲು ನಮ್ಮ ಘಾಟಿ. ಮೇ ತಿಂಗಳ ಮಧ್ಯಾಹ್ನ ಹೆದ್ದಾರಿಯಲ್ಲಿ ಎರಡು ಗಂಟೆ ಓಡಿಸಿ ನೇರವಾಗಿ ವೇಗದ ಚಾರ್ಜರಿಗೆ ಹಚ್ಚಿದರೆ ಕಾರು ಬ್ಯಾಟರಿಯನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ, ಫ್ಯಾನ್ ಮಾತ್ರ ವಿಮಾನದಂತೆ ಕೂಗುತ್ತದೆ. ದ್ರವದಿಂದ ತಂಪಾಗುವ ಬ್ಯಾಟರಿ ಇರುವ ಕಾರನ್ನೇ ತೆಗೆದುಕೊಳ್ಳಿ. ಅಂಗಳದಲ್ಲಿ ಒಂದು ತಗಡಿನ ನೆರಳಾದರೂ ಇರಲಿ. ತೆಂಗಿನ ಮರದ ನೆರಳಲ್ಲಿ ಮಾತ್ರ ನಿಲ್ಲಿಸಬೇಡಿ!

ತೆಂಗಿನ ನೆರಳು
ಆ ಪಾಠವನ್ನು ಹಳೆಯ ಕಾರಿನ ಗಾಜು ಈಗಾಗಲೇ ಕಲಿಸಿದೆ.

ಹಳೆಯ ರೇವಾ
ನೀವೆಲ್ಲ ಈಗ ಚರ್ಚಿಸುತ್ತಿರುವುದನ್ನು ನಾವು 2001ರಲ್ಲಿ, ಬೆಂಗಳೂರಿನಲ್ಲೇ ತಯಾರಾದ ರೇವಾ ಎಲೆಕ್ಟ್ರಿಕ್ ಕಾರು ಮಾರುಕಟ್ಟೆಗೆ ಬಂದಾಗಲೇ ಚರ್ಚಿಸಿದ್ದೆವು. ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟ್, ಅವುಗಳಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಕುಡಿಸಬೇಕಿತ್ತು. ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿಬಂದರೆ ಅದೇ ಒಂದು ಯಾತ್ರೆ. ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೆ ಬ್ಯಾಟರಿಗೆ ವಾರಂಟಿ ಕೊಡುವ ಈ ಕಾಲದವರು ಶಿರಾಡಿಗೆ ಹೆದರುವುದನ್ನು ನೋಡಿದರೆ ನನಗೆ ಸ್ವಲ್ಪ ನಗು ಬರುತ್ತದೆ, ಕ್ಷಮಿಸಿ.

ಓಸ್ಲೋ ಕನ್ನಡಿಗ
ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ಎಲೆಕ್ಟ್ರಿಕ್. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಮೈಲೇಜು ಗಣನೀಯವಾಗಿ ಬೀಳುತ್ತದೆ, ಆದರೂ ಜನ ಹೊಂದಿಕೊಂಡಿದ್ದಾರೆ.

ಟಿಸಿ ಪಕ್ಕದ ಮನೆ
ಅಲ್ಲಿ ಟಿಸಿ ಸುಟ್ಟರೆ ಎಷ್ಟು ದಿನಕ್ಕೆ ಹೊಸದು ತಂದು ಕೂರಿಸುತ್ತಾರೆ ಎಂಬುದನ್ನೂ ಬರೆಯಬೇಕಾಗಿ ವಿನಂತಿ.

ಗಾಳಿಗಂಬ
ಯಾರೂ ಎತ್ತದ ಪ್ರಶ್ನೆಯನ್ನು ನಾನು ಎತ್ತುತ್ತೇನೆ. ದೇಶದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನಷ್ಟು ಕಲ್ಲಿದ್ದಲಿನಿಂದ ಬರುತ್ತಿರುವಾಗ ಹೊಗೆಯನ್ನು ಅರಸೀಕೆರೆ ರಸ್ತೆಯಿಂದ ರಾಯಚೂರಿನ ಕಲ್ಲಿದ್ದಲು ಸ್ಥಾವರಕ್ಕೆ ಸಾಗಿಸಿದಂತಾಗಲಿಲ್ಲವೇ?

ಅರೆಬರೆ ಎಂಜಿನಿಯರ್
ಅರ್ಧ ಸತ್ಯ. ಪೆಟ್ರೋಲ್ ಎಂಜಿನ್ ತಾನು ಸುಡುವ ಇಂಧನದಲ್ಲಿ ಕಾಲು ಭಾಗದ ಆಸುಪಾಸನ್ನು ಮಾತ್ರ ಚಕ್ರಕ್ಕೆ ಕೊಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ರಾಯಚೂರಿನ 1,720 ಮೆಗಾವ್ಯಾಟಿನ ಜೊತೆಗೆ ಶರಾವತಿಯ 1,035 ಮೆಗಾವ್ಯಾಟ್ ಜಲವಿದ್ಯುತ್, ಕೈಗಾದ 880 ಮೆಗಾವ್ಯಾಟ್ ಅಣುವಿದ್ಯುತ್, ಪಾವಗಡದ 2,050 ಮೆಗಾವ್ಯಾಟ್ ಸೌರ ವಿದ್ಯುತ್ತೂ ಇದೆ, ಚಿತ್ರದುರ್ಗ, ಗದಗದ ಗಾಳಿಯೂ ಇದೆ. ಪಾವಗಡ ತಿಪಟೂರಿನವರ ಜಿಲ್ಲೆಯಲ್ಲೇ ಇದೆ. ಆದರೆ ಸೂರ್ಯ ರಾತ್ರಿ ಹನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಸಾಧ್ಯವಿದ್ದರೆ ಹಗಲು ಹೊತ್ತು ಕಾಲೇಜಿನ ಆವರಣದಲ್ಲಿ, ಪ್ರಾಂಶುಪಾಲರ ಅನುಮತಿ ಪಡೆದು, ಹಣ ಕಟ್ಟಿ ಚಾರ್ಜ್ ಮಾಡಿಕೊಳ್ಳಿ.

ಲೆಕ್ಕದ ಪುಸ್ತಕ
ಅಥವಾ ಸ್ವಂತ ಸೂರಿನ ಮೇಲೆ 3 ಕಿಲೊವ್ಯಾಟ್ ಫಲಕ ಹಾಕಿಸಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಹಾಯಧನವಿದೆ. ಬಿಸಿಲಿನ ದಿನ ಹನ್ನೆರಡು ಯೂನಿಟ್ ಬಂದರೆ ಅದು ನಿಮ್ಮ ಕಾರಿನ ದಿನದ ಊಟಕ್ಕಿಂತ ಹೆಚ್ಚು.

ಹಿತ್ತಿಲ ಗಿಡ
ಚಿಕ್ಕದೊಂದು ಎಚ್ಚರಿಕೆ. ಎಲೆಕ್ಟ್ರಿಕ್ ಕಾರಿನಲ್ಲೂ ಮಾಮೂಲಿ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದಿರುತ್ತದೆ, ಬಾಗಿಲು, ಪರದೆ, ಕಂಪ್ಯೂಟರ್ ಎಲ್ಲ ಎಚ್ಚರಗೊಳ್ಳುವುದು ಅದರಿಂದ. ನಾವು ಕಾಶಿಗೆ ಹೋಗಿ ಮೂರು ವಾರ ಬಿಟ್ಟು ಬಂದಾಗ ದೊಡ್ಡ ಬ್ಯಾಟರಿಯಲ್ಲಿ ಶೇ 70 ಇತ್ತು, ಚಿಕ್ಕದು ಸತ್ತಿತ್ತು, ಕಾರು ಕಲ್ಲಿನಂತೆ ನಿಂತಿತ್ತು. ಪಕ್ಕದ ಮನೆಯವರ ಹಳೆಯ ಓಮ್ನಿಯಿಂದ ಕೇಬಲ್ ಎಳೆದು ಎಬ್ಬಿಸಿದೆವು. ಓಮ್ನಿಯ ಯಜಮಾನರು ಅದನ್ನು ಈಗಲೂ ಓಣಿಯವರಿಗೆಲ್ಲ ಹೇಳುತ್ತಿರುತ್ತಾರೆ. ಇನ್ನು ಹೆಗ್ಗಣಗಳಿಗೆ ಪೆಟ್ರೋಲ್, ಎಲೆಕ್ಟ್ರಿಕ್ ಎಂಬ ಭೇದವಿಲ್ಲ. ಬಾನೆಟ್ ಒಳಗೆ ತಂತಿ ಕಡಿದರೆ ನೀವೇ ಕೈಹಾಕಲು ಹೋಗಬೇಡಿ, ಕಿತ್ತಳೆ ಬಣ್ಣದ ಕೇಬಲ್ಲನ್ನಂತೂ ಮುಟ್ಟಲೇಬೇಡಿ.

ಡೀಸೆಲ್ ಪ್ರಿಯ
ಮಾರುವಾಗ ಎಷ್ಟು ಬರುತ್ತದೆ ಎಂದು ಯಾರಾದರೂ ಹೇಳುತ್ತೀರಾ?

ಟಿಸಿ ಪಕ್ಕದ ಮನೆ
ಈಗ ಮಾರಿದರೆ ಕಡಿಮೆಯೇ ಬರುತ್ತದೆ. ಹೊಸ ಕಾರುಗಳ ಬ್ಯಾಟರಿ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿರುವಾಗ ಹಳೆಯದನ್ನು ಕೇಳುವವರು ಕಡಿಮೆ. ನಾನು ಎಂಟು ವರ್ಷ ಇಟ್ಟುಕೊಳ್ಳುವ ಲೆಕ್ಕದಲ್ಲೇ ಕೊಂಡಿದ್ದೇನೆ. ನಾಲ್ಕು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ ಡೀಸೆಲ್ ಪ್ರಿಯರ ಸಲಹೆಯೇ ಸರಿ.

ಡೀಸೆಲ್ ಪ್ರಿಯ
ಕೊನೆಗೂ ಒಬ್ಬರು ಒಪ್ಪಿದಿರಿ.

ತೆಂಗಿನ ನೆರಳು
ಹನ್ನೆರಡು ದಿನಗಳ ಬಳಿಕ ಮತ್ತೆ ಬರೆಯುತ್ತಿದ್ದೇನೆ. ಎಲೆಕ್ಟ್ರಿಷಿಯನ್ ಬಂದು ಅಳೆದಾಗ ನಮ್ಮ ಮನೆಯ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 38 ವೋಲ್ಟ್ ಇತ್ತು. ಮೋಟಾರಿನ ಗುಂಡಿಯನ್ನು ಅಗೆದು ನೋಡಿದರೆ ಪೈಪಿನ ಕೆಳಗಿನ ಅರ್ಧವೇ ಇರಲಿಲ್ಲ, ತುಕ್ಕಿನ ಪುಡಿ ಮಾತ್ರ ಇತ್ತು. ಮೂವತ್ತು ವರ್ಷ ಈ ಮನೆಯಲ್ಲಿ ಅರ್ತ್ ಇಲ್ಲದ ಗೀಸರಿನ ನೀರಿನಲ್ಲಿ ಮಿಂದಿದ್ದೇವೆ ಎಂದು ತಿಳಿದ ಮೇಲೆ ಅಪ್ಪ ಕಾರಿನ ಮಾತನ್ನೇ ಬಿಟ್ಟು, ಮೊದಲು ಗುಂಡಿ ತೆಗೆಸು ಎಂದರು. ತಾಮ್ರ ಲೇಪಿಸಿದ ರಾಡ್ ಹಾಕಿಸಿದೆವು. ಈಗ ಎರಡೂವರೆ ವೋಲ್ಟ್ ತೋರಿಸುತ್ತಿದೆ, ಮೀಟರ್ ಹಿಡಿದು ತೋರಿಸಿದ ಮೇಲೆಯೇ ಹಣ ಕೊಟ್ಟೆ. ಪ್ರತ್ಯೇಕ ಮೀಟರಿಗೆ ಅರ್ಜಿ ಕೊಟ್ಟಾಗಿದೆ, ಅಂಗಡಿಯೋ ಮನೆಯೋ ಎಂದು ಇಲ್ಲಿಯವರೆಗೆ ಒಂದು ಸಲ ಮಾತ್ರ ಕೇಳಿದ್ದಾರೆ.

ಕಾರನ್ನು ಇನ್ನೂ ಬುಕ್ ಮಾಡಿಲ್ಲ. ಶೋರೂಮಿನವರು ತಿಪಟೂರಿನ ಬೈಪಾಸಿನಲ್ಲಿ ಹತ್ತು ನಿಮಿಷ ಓಡಿಸಲು ಕೊಟ್ಟರು, ಅದರಿಂದ ಏನೂ ತಿಳಿಯಲಿಲ್ಲ. ಹಾಸನದಲ್ಲಿರುವ ಷಡ್ಡಕನ ಬಳಿ ಅದೇ ಕಾರಿದೆ. ಬರುವ ಭಾನುವಾರ ಅದರಲ್ಲಿ ಗುಂಡ್ಯದವರೆಗೆ ಇಳಿದು ಹತ್ತಿ ಬರುವುದೆಂದು ಮಾತಾಗಿದೆ. ಷಡ್ಡಕ ಮತ್ತು ನಾನು ಇಬ್ಬರೇ ಹೋಗುತ್ತೇವೆ.

ಉಪ್ಪಿನಂಗಡಿ ತಿರುವು
ಇಬ್ಬರೇ ಹೋದರೆ ಪರೀಕ್ಷೆ ಆದಂತಾಗುವುದಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿಯನ್ನೂ ತಂದೆಯವರನ್ನೂ ಕೂರಿಸಿಕೊಳ್ಳಿ, ಡಿಕ್ಕಿಗೆ ಒಂದು ಮೂಟೆ ತೆಂಗಿನಕಾಯಿ ಹಾಕಿ, ಎಸಿ ಆರಿಸದೆ ಹತ್ತಿ. ಗುಂಡ್ಯದಲ್ಲಿ ಎಷ್ಟಿತ್ತು, ಸಕಲೇಶಪುರದಲ್ಲಿ ಎಷ್ಟು ಉಳಿಯಿತು ಎಂಬ ಎರಡು ಅಂಕಿಗಳನ್ನು ಇಲ್ಲಿ ಬರೆಯಿರಿ.